ಕ್ರಿಕೆಟ್ ಹುಚ್ಚಿನ ಅಪ್ಪನನ್ನು ಒರಾಕಲ್ ಪಾರ್ಕ್‌ಗೆ ಕರೆದುಕೊಂಡು ಹೋಗಬಹುದಾ?

ಕೇಳಿದವರು, ಸನ್ನಿವೇಲ್: ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದಾರೆ. ದೇವಸ್ಥಾನ, ಗೋಲ್ಡನ್ ಗೇಟ್, ಕಾಸ್ಟ್ಕೋ ಎಲ್ಲಾ ಮುಗಿಯಿತು. ಅಪ್ಪನಿಗೆ ಕ್ರಿಕೆಟ್ ಅಂದ್ರೆ ಪ್ರಾಣ, ಬೇಸ್‌ಬಾಲ್ ಒಂದು ಚೂರೂ ಗೊತ್ತಿಲ್ಲ. ಅಮ್ಮನಿಗೆ ಮಂಡಿ ನೋವು. ಸ್ಯಾನ್ ಫ್ರಾನ್ಸಿಸ್ಕೋದ ಒರಾಕಲ್ ಪಾರ್ಕ್ ಸ್ಟೇಡಿಯಂನಲ್ಲಿ ಜೈಂಟ್ಸ್ ಬೇಸ್‌ಬಾಲ್ ತಂಡದ ಮ್ಯಾಚ್ ತೋರಿಸೋಣ ಅಂತಿದ್ದೇನೆ. ಬೋರ್ ಆಗುತ್ತದಾ? ಹೋಗಿ ಬಂದವರು ಹೇಳಿ.

ಸ್ಯಾನ್ ಮಟೇಯೋದಿಂದ: ಧೈರ್ಯವಾಗಿ ಹೋಗಿ. ಆದರೆ ಕಾರ್ ಬೇಡ. ಮೊದಲ ಸಲ ನಾವು ಪಾರ್ಕಿಂಗ್ ಹುಡುಕುವಷ್ಟರಲ್ಲಿ ಒಂಬತ್ತರಲ್ಲಿ ಎರಡು ಇನ್ನಿಂಗ್ಸ್ ಮುಗಿದಿತ್ತು. ಕ್ಯಾಲ್‌ಟ್ರೇನ್ ಹತ್ತಿ, ಸ್ಯಾನ್ ಫ್ರಾನ್ಸಿಸ್ಕೋದ ಕೊನೆ ಸ್ಟೇಷನ್‌ನಲ್ಲಿ ಇಳಿಯಿರಿ. ಅಲ್ಲಿಂದ ಒಂದೆರಡು ಬ್ಲಾಕ್ ಅಷ್ಟೆ. ಜನರ ಹಿಂದೆ ಸುಮ್ನೆ ನಡೆದರೆ ಸಾಕು.

ಇನ್ನೊಂದು, ಸ್ವೆಟರ್. ಜುಲೈ ಅಲ್ವಾ ಅಂತ ನಮ್ಮ ಅತ್ತೆ ತೆಳು ಕಾಟನ್ ಸೀರೆಯಲ್ಲಿ ಬಂದಿದ್ದರು. ಸೂರ್ಯ ಮುಳುಗಿದ ಮೇಲೆ ಸೆರಗು ಕಿವಿಗೆ ಸುತ್ತಿಕೊಂಡು ಕೂತರು. ಮಾವನ ಹಲ್ಲು ಕಟಕಟ ಅನ್ನುತ್ತಿತ್ತು. ರಾತ್ರಿ ಮ್ಯಾಚ್ ಆದರೆ ಶಾಲು, ಟೋಪಿ ಎರಡೂ ಇರಲಿ.

ಫ್ರೀಮಾಂಟ್‌ನಿಂದ: ಚಳಿ ಬಗ್ಗೆ ಮೇಲಿನವರು ಹೇಳಿದ್ದು ನಿಜ. ಆದರೂ ಇದು ಸುಧಾರಿಸಿದ ಚಳಿ! 1960ರಿಂದ 1999ರವರೆಗೆ ಜೈಂಟ್ಸ್ ಆಡುತ್ತಿದ್ದದ್ದು ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ. ಅಲ್ಲಿನ ಗಾಳಿಗೆ ಜನ ಹೆದರುತ್ತಿದ್ದರು. ಹಾಗಾಗಿ ಹೊಸದನ್ನು ಕಟ್ಟುವ ಮೊದಲು ಯುಸಿ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಸ್ಟೇಡಿಯಂನ ಪುಟ್ಟ ಮಾದರಿಗೆ ಗಾಳಿ ಬೀಸಿ ನೋಡಿ, ಮೈದಾನ ಯಾವ ದಿಕ್ಕಿಗಿರಬೇಕು ಅಂತ ತೀರ್ಮಾನಿಸಿದರು.

ಕಟ್ಟಿದ ಕಥೆಯೂ ಚೆನ್ನಾಗಿದೆ. ಸ್ಟೇಡಿಯಂಗೆ ಸರ್ಕಾರದ ದುಡ್ಡು ಕೊಡಬೇಕಾ ಅಂತ ನಾಲ್ಕು ಸಲ ಮತ ಹಾಕಿಸಿದರು, ನಾಲ್ಕು ಸಲವೂ ಜನ ಬೇಡ ಅಂದರು. 1992ರಲ್ಲಿ ಬೇಡ ಅಂದವರು ನಮ್ಮ ಸ್ಯಾನ್ ಹೊಸೆಯವರೇ. ಆ ವರ್ಷ ತಂಡ ಫ್ಲಾರಿಡಾಗೆ ಹೊರಟೇಹೋಗಿತ್ತು ಅನ್ನಬೇಕು, ಕೊನೆಗೆ ಉಳಿಯಿತು. ಆಮೇಲೆ ಖಾಸಗಿ ದುಡ್ಡಲ್ಲೇ ಸುಮಾರು 35.7 ಕೋಟಿ ಡಾಲರ್ ಹಾಕಿ ಕಟ್ಟಿ, 2000ದ ಏಪ್ರಿಲ್‌ನಲ್ಲಿ ತೆರೆದರು. ಆಗ ಪ್ಯಾಕ್ ಬೆಲ್, ಆಮೇಲೆ ಎಸ್‌ಬಿಸಿ, ಎಟಿ ಅಂಡ್ ಟಿ, 2019ರಿಂದ ಒರಾಕಲ್. ಹಳಬರ ಬಾಯಲ್ಲಿ ಯಾವ ಹೆಸರು ಬಂದರೂ ಜಾಗ ಅದೇ.

ನಿಮ್ಮ ತಂದೆಯವರಿಗೆ ಒಳಗೆ ಹೋದ ತಕ್ಷಣ, ಬ್ಯಾಟ್ ಹಿಡಿದವನ ಕಡೆಯಿಂದ ನೋಡಿದರೆ ಬಲಗಡೆ ಬರುವ ಗೋಡೆ ತೋರಿಸಿ. ಗೋಡೆಯ ಆಚೆ ಸಮುದ್ರದ ನೀರು, ಆ ಕಡೆ ಹಿಗ್ಗಿಸಲು ಜಾಗವೇ ಇಲ್ಲ. ಅದಕ್ಕೆ ಆ ಮೂಲೆಯ ಬೌಂಡರಿ 309 ಅಡಿ, ಅಂದರೆ 94 ಮೀಟರ್. ಕ್ರಿಕೆಟ್‌ನಲ್ಲಿ 80 ಮೀಟರ್ ಇದ್ದರೇ ದೊಡ್ಡದು, ಇವರ ಲೆಕ್ಕದಲ್ಲಿ 94 ತೀರಾ ಹತ್ತಿರ! ಅದನ್ನು ಸರಿದೂಗಿಸಲು ಗೋಡೆ ಎತ್ತರ. 24 ಅಡಿ ಯಾಕೆ ಅಂದರೆ ಜೈಂಟ್ಸ್‌ನ ಹಳೆಯ ಮಹಾನ್ ಆಟಗಾರ ವಿಲ್ಲಿ ಮೇಸ್ ಅವರ ಜರ್ಸಿ ನಂಬರ್ 24. ಅವರ ಪ್ರತಿಮೆ ಹೊರಗಿದೆ, ಸುತ್ತ 24 ತಾಳೆ ಮರ.

ಆ ಗೋಡೆ ದಾಟಿ ಚೆಂಡು ನೇರವಾಗಿ ನೀರಿಗೆ ಬಿದ್ದರೆ ಸ್ಪ್ಲಾಶ್ ಹಿಟ್. ಜೈಂಟ್ಸ್‌ಗೆ ಆಡುತ್ತಿದ್ದ ಬ್ಯಾರಿ ಬಾಂಡ್ಸ್ ಒಬ್ಬರೇ 35 ಸಲ ಹೊಡೆದಿದ್ದಾರೆ. ಎಷ್ಟಾಯಿತು ಅಂತ ಗೋಡೆ ಮೇಲೆ ಲೆಕ್ಕ ಇಟ್ಟಿದ್ದಾರೆ, ಎದುರಾಳಿ ಹೊಡೆದದ್ದನ್ನು ಮಾತ್ರ ಸೇರಿಸುವುದಿಲ್ಲ. (ಈ ಜಿಪುಣತನ ನನಗೆ ಬಹಳ ಇಷ್ಟ.) ನೀರಲ್ಲಿ ದೋಣಿ ಹಾಕಿಕೊಂಡು ಚೆಂಡಿಗೆ ಕಾಯುವವರೂ ಇದ್ದಾರೆ.

ಕುಪರ್ಟಿನೋದಿಂದ: ಮಂಡಿ ನೋವಿದ್ದರೆ ಮೇಲಿನ ಅಂತಸ್ತಿನ ಹಿಂದಿನ ಸಾಲು ಬೇಡ. ಲಿಫ್ಟ್ ಇದೆ, ಆದರೆ ಲಿಫ್ಟ್ ಇಳಿದ ಮೇಲೂ ಸೀಟಿಗೆ ಮೆಟ್ಟಿಲು ಹತ್ತಬೇಕು, ಅದು ಕಡಿದು. ಮೇಲಿನ ಅಂತಸ್ತಿನದೇ ಮೊದಲ ಸಾಲುಗಳು ಸಿಕ್ಕರೆ ಬಿಡಬೇಡಿ, ಕೊಲ್ಲಿ ಪೂರ್ತಿ ಕಾಣುತ್ತದೆ. ನನ್ನ ಪ್ರಕಾರ ದುಬಾರಿ ಸೀಟಿಗಿಂತ ಅದೇ ಮೇಲು. ಬ್ಯಾಗ್ ನಿಯಮ ಹೊರಡುವ ಮುಂಚೆ ಒಮ್ಮೆ ನೋಡಿ, ಟಿಕೆಟ್ ಫೋನಲ್ಲಿರಲಿ, ಚಾರ್ಜ್ ಇರಲಿ.

ಪೂರ್ತಿ ಮ್ಯಾಚ್ ಕೂರಲು ಆಗಲ್ಲ ಅನ್ನಿಸಿದರೆ, ಮ್ಯಾಚ್ ಇಲ್ಲದ ದಿನದ ಟೂರ್ ತಗೊಳ್ಳಿ. ನಾವು ಹೋದಾಗ ಡಗೌಟ್‌ನ ಬೆಂಚ್ ಮೇಲೆ ಕೂತು ಫೋಟೋ ತೆಗೆಸಿಕೊಂಡೆವು. ನಡೆಯುವುದು ಮಾತ್ರ ಜಾಸ್ತಿ.

ಸ್ಯಾನ್ ಫ್ರಾನ್ಸಿಸ್ಕೋದಿಂದ: ಬಿಟ್ಟಿ ದಾರಿ ಯಾರೂ ಹೇಳಲಿಲ್ಲವಲ್ಲ! ಬಲಗಡೆ ಗೋಡೆಯ ಹೊರಗೆ, ನೀರಿನ ಪಕ್ಕದ ಕಾಲುದಾರಿಯಲ್ಲಿ ಕಮಾನುಗಳಿವೆ. ಜಾಲರಿ ಹಿಂದೆ ನಿಂತು ಟಿಕೆಟ್ ಇಲ್ಲದೆ ಆಟ ನೋಡಬಹುದು. ಜನ ಜಾಸ್ತಿ ಇದ್ದರೆ ಮೂರು ಇನ್ನಿಂಗ್ಸ್ ಆದ ಮೇಲೆ ಬೇರೆಯವರಿಗೆ ಬಿಡಬೇಕು. ನಮ್ಮಪ್ಪ ಅಲ್ಲಿ ನಿಂತು ನೋಡಿ ರುಚಿ ಹತ್ತಿದ ಮೇಲೆ ಟಿಕೆಟ್ ಕೊಂಡೆವು.

ಕೇಳಿದವರು, ಸನ್ನಿವೇಲ್: ಎಲ್ಲರಿಗೂ ಥ್ಯಾಂಕ್ಸ್, ನಿನ್ನೆ ಹೋಗಿ ಬಂದೆವು. ಚೆಂಡು ನೀರಿಗೆ ಬೀಳಲಿಲ್ಲ. ಆದರೆ ಒಂದು ನಮ್ಮ ಮುಂದಿನ ಸಾಲಿಗೇ ಬಂತು. ಒಬ್ಬ ಹುಡುಗ ಹಿಡಿದು ಜೇಬಿಗೆ ಹಾಕಿಕೊಂಡ. "ವಾಪಸ್ ಎಸೆಯಲ್ವಾ?" ಅಂತ ಅಪ್ಪ ಎದ್ದು ನಿಂತೇಬಿಟ್ಟರು. ಇಲ್ಲಿ ಸಿಕ್ಕಿದವರಿಗೇ ಅಂದೆ. "ಹಾಗಾದರೆ ದಿನಕ್ಕೆ ಎಷ್ಟು ಚೆಂಡು ಬೇಕು?" ಅಂತ ಟ್ರೇನ್‌ನಲ್ಲಿ ಸನ್ನಿವೇಲ್‌ವರೆಗೂ ಅದೇ ಲೆಕ್ಕ. ಅಮ್ಮ ಆಟ ನೋಡಿದ್ದು ಕಡಿಮೆ, ಕೊನೆಗೆ ಚೆಲ್ಲಿದ ತಿಂಡಿಗೆ ಇಳಿದ ಕಡಲಹಕ್ಕಿ ನೋಡಿದ್ದೇ ಜಾಸ್ತಿ. ಗಾರ್ಲಿಕ್ ಫ್ರೈಸ್ ಮಾತ್ರ ಬಿಡದೆ ತಿಂದರು. ಶಾಲಿನಿಂದ ಬೆಳ್ಳುಳ್ಳಿ ವಾಸನೆ ಇನ್ನೂ ಹೋಗಿಲ್ಲ.