ಮೆಕ್ಸಿಕೋದ ‘ಪಿರಮಿಡ್’: ‘ಮೆಟ್ಟಿಲ ಜಗತಿ’ ಎಂದರೆ ಸರಿಯಾದೀತೇ?

ಮೆಕ್ಸಿಕೋ ನಗರದಿಂದ ಸುಮಾರು 50 ಕಿಲೋಮೀಟರ್ ದೂರದ ತೆಯೋತಿವಾಕಾನ್ ಎಂಬ ಪ್ರಾಚೀನ ಪಾಳುನಗರಕ್ಕೆ ಈಚೆಗೆ ಹೋಗಿ ಬಂದೆ. ಕಂಡದ್ದನ್ನು ಬರೆಯಲು ಕುಳಿತರೆ ಮೊದಲ ಸಾಲಿನಲ್ಲೇ ‘ಪಿರಮಿಡ್’ ಎಂಬ ಪದ ತೊಡಕಾಯಿತು. ಆ ಪದ ಕಂಡೊಡನೆ ನಮ್ಮ ಓದುಗರ ಕಣ್ಣಮುಂದೆ ಬರುವುದು ಈಜಿಪ್ಟಿನ ಗೀಜಾ: ಚೂಪು ತುದಿ, ಅರಸನ ಗೋರಿ. ಇಲ್ಲಿನ ‘ಸೂರ್ಯನ ಪಿರಮಿಡ್’ ತಳದ ಅಗಲದಲ್ಲಿ ಗೀಜಾದ ಮಹಾ ಪಿರಮಿಡ್ಡಿಗೆ ಹೆಚ್ಚುಕಡಿಮೆ ಸಮನಾದರೂ ಎತ್ತರ ಸುಮಾರು 65 ಮೀಟರ್ ಮಾತ್ರ. ಹಂತಹಂತವಾಗಿ ಒಳಸರಿಯುತ್ತ ಮೇಲೇರಿ ಸಮತಟ್ಟಾದ ನೆತ್ತಿಯಲ್ಲಿ ಮುಗಿಯುತ್ತದೆ. ಆ ನೆತ್ತಿಯ ಮೇಲೆ ಹಿಂದೆ ಗುಡಿಯಿತ್ತು. ಮಾಯಾ ಜನರ ಪಾಲೆಂಕೆಯಲ್ಲಿ ಇಂಥದೊಂದರ ಒಳಗೆ ಅರಸ ಪಾಕಾಲನ ಸಮಾಧಿ 1952ರಲ್ಲಿ ಸಿಕ್ಕಿತೆಂಬುದು ನಿಜ. ಆದರೂ ಅದರ ಮೇಲೂ ಗುಡಿಯೇ ಇದೆ.

ಅಸ್ತೆಕರ (ಅಜ್ಟೆಕ್ ಜನರ) ನವಾತ್ಲ್ ಭಾಷೆಯಲ್ಲಿ ಇಂಥ ಕಟ್ಟಡಕ್ಕೆ ‘ತೆಯೋಕಲ್ಲಿ’ ಎಂಬ ಹೆಸರುಂಟು. ‘ತೆಯೋ’ ದೇವರು, ‘ಕಲ್ಲಿ’ ಮನೆ. ಮನೆ ಎಂಬ ಅರ್ಥದ ‘ಕುಲ’ ಸೇರಿದ ‘ದೇವಕುಲ’ದಿಂದ ಬಂದ ನಮ್ಮ ‘ದೇಗುಲ’ಕ್ಕೂ ಇದೇ ಅರ್ಥವೆಂದು ಹೊಳೆದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಇದು ಅಸ್ತೆಕರು ಬಳಸಿದ ಪದ. ಅವರು ಬರುವ ಹೊತ್ತಿಗೆ ತೆಯೋತಿವಾಕಾನ್ ಪಾಳುಬಿದ್ದು ಶತಮಾನಗಳೇ ಕಳೆದಿದ್ದವು, ಕಟ್ಟಿದವರ ನುಡಿ ಯಾವುದೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಮೇಲಾಗಿ, ಬರಿಯ ‘ದೇಗುಲ’ ಎಂದರೆ ಓದುಗರು ಗರ್ಭಗುಡಿ, ನವರಂಗಗಳನ್ನು ಊಹಿಸಿಕೊಂಡಾರು.

ಆದ್ದರಿಂದ ನನಗೆ ‘ಜಗತಿ’ ಹೆಚ್ಚು ಒಪ್ಪುತ್ತದೆ. ಬೇಲೂರಿನಲ್ಲಿ ಗುಡಿಯನ್ನು ಹೊತ್ತು, ಸುತ್ತ ಪ್ರದಕ್ಷಿಣೆಗೆ ಎಡೆಮಾಡಿಕೊಡುವ ಕಲ್ಲುಕಟ್ಟೆಯನ್ನು ನಾವು ಹಾಗೆನ್ನುತ್ತೇವೆ. ತೆಯೋತಿವಾಕಾನಿನಲ್ಲಿ ಗರಿಸರ್ಪದ ಗುಡಿಯೆದುರು ನಿಂತಾಗ ಪ್ರತಿ ಹಂತದಲ್ಲೂ ಕೆಳಗೊಂದು ಗಿಡ್ಡ ಓರೆಗೋಡೆ, ಅದರ ಮೇಲೆ ಚೌಕಟ್ಟು ಕಟ್ಟಿದಂತೆ ಮುಂಚಾಚಿದ ನೇರ ಪಟ್ಟಿ, ಆ ಪಟ್ಟಿಯಿಂದ ಕತ್ತು ಹೊರಚಾಚಿದ ಹಾವಿನ ತಲೆಗಳು ಕಂಡವು. ಒಂದರ ಮೇಲೊಂದು ಜಗತಿಯನ್ನು ಪೇರಿಸಿದಂತೆಯೇ ಇತ್ತು. ಈ ಓರೆಗೋಡೆ–ನೇರಪಟ್ಟಿಯ ಜೋಡಣೆಗೆ ಸ್ಪ್ಯಾನಿಷ್‌ನಲ್ಲಿ ‘ತಾಲೂದ್–ತಾಬ್ಲೆರೋ’ ಎನ್ನುತ್ತಾರೆ.

ಬಲ್ಲವರಲ್ಲಿ ನನ್ನ ಕೋರಿಕೆ ಇಷ್ಟು. ಆಳೆತ್ತರದ ಕಟ್ಟೆಗೆ ಸಲ್ಲುವ ‘ಜಗತಿ’ಯನ್ನು 65 ಮೀಟರ್ ಎತ್ತರದ ರಚನೆಗೆ ಹಿಗ್ಗಿಸಿ ‘ಮೆಟ್ಟಿಲ ಜಗತಿ’ ಎಂದರೆ ಕಿವಿಗೆ ಒಗ್ಗೀತೇ? ‘ತಾಬ್ಲೆರೋ’ಗೆ ನಮ್ಮ ಶಿಲ್ಪಿಗಳ ಬಾಯಲ್ಲಿರುವ ‘ಪಟ್ಟಿಕೆ’ ಹೊಂದುವುದೇ, ಅಥವಾ ಅದಕ್ಕೆ ಬೇರೆ ನಿಶ್ಚಿತಾರ್ಥವಿದೆಯೇ?