ರಾಯಚೂರಿನಿಂದ ಬೇಸಿಗೆ ಇಂಟರ್ನ್‌ಶಿಪ್‌ಗೆ ಅರ್ಜಿ: ದುಡ್ಡು ಕಟ್ಟಿ ಸರ್ಟಿಫಿಕೇಟ್ ತಗೊಳ್ಳಲಾ, ಬೇರೆ ದಾರಿ ಇದೆಯಾ?

ಮಸ್ಕಿ_ಇಇಇ

ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ಎಲೆಕ್ಟ್ರಿಕಲ್ ಓದುತ್ತಿದ್ದೇನೆ, ಈಗ ಆರನೇ ಸೆಮಿಸ್ಟರ್. ಊರು ಮಸ್ಕಿ. ಡಿಸೆಂಬರ್‌ನಿಂದ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುತ್ತಲೇ ಇದ್ದೇನೆ. ಲಿಂಕ್ಡ್‌ಇನ್, ಇಂಟರ್ನ್‌ಶಾಲಾ, ಎಐಸಿಟಿಇ ಪೋರ್ಟಲ್, ಕಂಪನಿಗಳ ವೆಬ್‌ಸೈಟ್, ಯಾವುದನ್ನೂ ಬಿಟ್ಟಿಲ್ಲ. ಹೆಚ್ಚಿನ ಕಡೆಯಿಂದ ಉತ್ತರವೇ ಬರಲ್ಲ. ಇಲ್ಲ ಅಂತ ಹೇಳಿದರೂ ಸಾಕಿತ್ತು, ಮನಸ್ಸಿಗೆ ಒಂದು ನೆಮ್ಮದಿ ಇರುತ್ತಿತ್ತು.

ಒಂದು ಕಂಪನಿಯಿಂದ ಮಾತ್ರ ಫೋನ್ ಬಂತು. ಬೆಂಗಳೂರಿನವರಂತೆ. ನನಗೆ ಏನು ಗೊತ್ತು, ಯಾವ ಸಬ್ಜೆಕ್ಟ್ ಇಷ್ಟ, ಏನೂ ಕೇಳಲಿಲ್ಲ. ನೇರವಾಗಿ "ಸೆಲೆಕ್ಟ್ ಆಗಿದ್ದೀರಿ, 6 ಸಾವಿರ ಕಟ್ಟಿ, ಮನೆಯಲ್ಲೇ ಕೂತು ವಿಡಿಯೋ ನೋಡಿ, ತಿಂಗಳಾದ ಮೇಲೆ ಸರ್ಟಿಫಿಕೇಟ್ ಕಳಿಸುತ್ತೇವೆ" ಅಂದರು. ನಾಳೆಯೊಳಗೆ ಕಟ್ಟಿದರೆ ಸಾವಿರ ಕಡಿಮೆಯಂತೆ. ಕ್ಲಾಸಿನಲ್ಲಿ ಕೆಲವರು ಆಗಲೇ ಕಟ್ಟಿದ್ದಾರೆ. ಅಪ್ಪ "ಹತ್ತಿ ದುಡ್ಡು ಬಂದಿದೆ, ಬೇಕಾದರೆ ಕಟ್ಟೋಣ" ಅಂತಿದ್ದಾರೆ. ಅವರು ಹಂಗೆ ಅಂದಾಗಲೇ ನನಗೆ ಜಾಸ್ತಿ ಸಂಕಟ ಆಗಿದ್ದು.

ನನಗೆ ಆಸಕ್ತಿ ಇರುವುದು ಮೋಟಾರ್, ರಿಲೇ, ಸ್ವಿಚ್‌ಯಾರ್ಡ್ ಇಂಥದ್ದರಲ್ಲಿ. ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರ ಇಲ್ಲೇ ಇದೆ, ಯರಮರಸ್‌ನದು ಇನ್ನೂ ಹತ್ತಿರ. ಆದರೆ ಒಳಗೆ ಪರಿಚಯ ಇಲ್ಲದೆ ಅಲ್ಲಿ ಬಿಡಲ್ಲ ಅಂತ ಸೀನಿಯರ್‌ಗಳು ಹೇಳುತ್ತಾರೆ. ನಿಜನಾ? ಪಿಎಂ ಇಂಟರ್ನ್‌ಶಿಪ್‌ಗೆ ಹಾಕು ಅಂತ ಒಬ್ಬ ಹೇಳಿದ, ಅದು ನನಗೆ ಸಿಗುತ್ತಾ? ದಯವಿಟ್ಟು ತಿಳಿದವರು ಹೇಳಿ.

ಶಿಫ್ಟ್_ಬಿ

ತಮ್ಮಾ, ಆ 6 ಸಾವಿರ ಕಟ್ಟಬೇಡ. ಅಪ್ಪನಿಗೂ ಇವತ್ತೇ ಹೇಳಿಬಿಡು. ನಾಳೆಯೊಳಗೆ ಕಟ್ಟು ಅಂತ ಅವಸರ ಮಾಡುವವರ ಹತ್ತಿರ ಕಲಿಸುವುದಕ್ಕೆ ಏನೂ ಇರಲ್ಲ.

ನಾನು ನಮ್ಮ ಭಾಗದ ಒಂದು ಥರ್ಮಲ್ ಸ್ಟೇಷನ್‌ನಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್‌ನಲ್ಲಿದ್ದೇನೆ. ಪರಿಚಯ ಇದ್ದರೆ ಕೆಲಸ ಬೇಗ ಆಗುತ್ತದೆ, ಅದು ನಿಜ, ಸುಳ್ಳು ಹೇಳಲ್ಲ. ಆದರೆ ಪರಿಚಯ ಇಲ್ಲದ ಹುಡುಗರೂ ಪ್ರತಿ ವರ್ಷ ಬರುತ್ತಾರೆ. ಅವರು ಬರುವ ದಾರಿ ಬೇರೆ. ಆನ್‌ಲೈನ್ ಫಾರ್ಮ್ ತುಂಬಿ ಕಾಯಲ್ಲ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪ್ರಿನ್ಸಿಪಾಲ್ ಸಹಿ ಮಾಡಿದ ಪತ್ರ ಮಾಡಿಸಿ, ಅದನ್ನು ಟ್ರೈನಿಂಗ್ ವಿಭಾಗಕ್ಕೋ ಎಚ್‌ಆರ್‌ಗೋ ಕೈಯಲ್ಲೇ ಕೊಟ್ಟು, ಪತ್ರ ತಲುಪಿದೆ ಅನ್ನುವ ಇನ್‌ವರ್ಡ್ ಸೀಲ್ ಹಾಕಿಸಿಕೊಂಡು, ಹತ್ತು ದಿನ ಬಿಟ್ಟು ಮತ್ತೆ ಹೋಗಿ ವಿಚಾರಿಸುತ್ತಾರೆ. ಕೂಡ್ಲಿಗಿಯವರು, ಲಿಂಗಸುಗೂರಿನವರು ಬಸ್ಸಿನಲ್ಲಿ ಬಂದು ಹೀಗೆ ಮಾಡಿದ್ದನ್ನು ನೋಡಿದ್ದೇನೆ.

ಇನ್ನೊಂದು ಮುಖ್ಯ ವಿಷಯ, ಪತ್ರದಲ್ಲಿ ಏನಿದೆ ಅನ್ನುವುದು. "ನಿಮ್ಮ ಗೌರವಾನ್ವಿತ ಸಂಸ್ಥೆಯಲ್ಲಿ ತರಬೇತಿ ಪಡೆಯಲು ಅವಕಾಶ ಕೋರುತ್ತೇನೆ" ಅಂತ ಎಲ್ಲರೂ ಬರೆಯುತ್ತಾರೆ. ಅದನ್ನು ಓದಿದರೆ ಈ ಹುಡುಗನನ್ನು ಯಾವ ವಿಭಾಗಕ್ಕೆ ಹಾಕಬೇಕು ಅಂತಲೇ ಗೊತ್ತಾಗಲ್ಲ. ಕೊನೆಗೆ ಯಾವುದೋ ಆಫೀಸಿನಲ್ಲಿ ಕೂರಿಸಿ ಫೈಲ್ ಕೊಡುತ್ತಾರೆ. ನಿನಗೆ ಮೋಟಾರ್ ಇಷ್ಟ ಅಲ್ವಾ? ಹಾಗಾದರೆ ಮೋಟಾರ್ ಅಂತಲೇ ಬರೆ.

ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಲ್ಯಾಬ್‌ನಲ್ಲಿ 415 ವೋಲ್ಟ್ ಮೋಟಾರ್ ನೋಡಿರುತ್ತೀಯ. ಇಲ್ಲಿ ಬಾಯ್ಲರ್‌ಗೆ ನೀರು ತಳ್ಳುವ ಫೀಡ್ ಪಂಪಿನ ಮೋಟಾರ್ 6.6 ಕೆವಿಯದು, ಅಂದರೆ 6,600 ವೋಲ್ಟ್. ಅದು ಸ್ವಲ್ಪ ದಿನ ನಿಂತಿದ್ದರೆ ಮತ್ತೆ ಚಾಲೂ ಮಾಡುವ ಮೊದಲು ಮೆಗ್ಗರ್ ಹಚ್ಚುತ್ತೇವೆ, ಅಂದರೆ ಒಳಗಿನ ತಂತಿ ಸುತ್ತಿನ (ವೈಂಡಿಂಗ್) ಇನ್ಸುಲೇಶನ್ ಚೆನ್ನಾಗಿದೆಯಾ ಅಂತ ಮೀಟರ್‌ನಲ್ಲಿ ಅಳೆಯುತ್ತೇವೆ. ಸಪ್ಲೈ ಬಿಡಿಸಿ, ಅರ್ತ್ ಮಾಡಿ, ಪರ್ಮಿಟ್ ತಗೊಂಡ ಮೇಲೆ ಟೆಕ್ನಿಷಿಯನ್ ಟರ್ಮಿನಲ್ ಬಾಕ್ಸ್ ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಲೀಡ್ ಹಚ್ಚುತ್ತಾನೆ. ಒಂದು ನಿಮಿಷಕ್ಕೆ ಒಂದು ರೀಡಿಂಗ್, ಹತ್ತು ನಿಮಿಷಕ್ಕೆ ಇನ್ನೊಂದು. ಹತ್ತರದ್ದನ್ನು ಒಂದರದ್ದರಿಂದ ಭಾಗಿಸಿದರೆ ಬರುವುದೇ ಪೋಲರೈಸೇಶನ್ ಇಂಡೆಕ್ಸ್. 2 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ವೈಂಡಿಂಗ್ ಒಣಗಿದೆ, ಚೆನ್ನಾಗಿದೆ ಅಂತ ಸಾಮಾನ್ಯವಾಗಿ ಲೆಕ್ಕ. 1ರ ಹತ್ತಿರ ನಿಂತರೆ ತೇವ ಹಿಡಿದಿದೆ ಇಲ್ಲವೇ ಕೊಳೆ ಕೂತಿದೆ, ಹೀಟರ್ ಹಾಕಿ ಒಣಗಿಸಬೇಕು. ಆ ಹತ್ತು ನಿಮಿಷ ಪಕ್ಕದಲ್ಲಿ ನಿಂತು ಮುಳ್ಳು ಮೇಲೇರುವುದನ್ನು ನೋಡಿದ ಹುಡುಗ ಇನ್ಸುಲೇಶನ್ ಅಂದರೆ ಏನು ಅಂತ ಯಾವತ್ತೂ ಮರೆಯಲ್ಲ. ಇದನ್ನು ಯಾವ ವಿಡಿಯೋ ಕೊಡುತ್ತದೆ ಹೇಳು.

ಸಿಂಧನೂರು_ಹುಡುಗಿ

ಶಿಫ್ಟ್ ಅಣ್ಣ ಹೇಳಿದ್ದು ಒಪ್ಪುತ್ತೇನೆ. ಆದರೆ ನಮ್ಮಂಥ ಹುಡುಗಿಯರಿಗೆ ಅಲ್ಲಿ ಇನ್ನೂ ಒಂದು ಪ್ರಶ್ನೆ ಇದೆ. ಎಲ್ಲಿ ಉಳಿಯುವುದು, ಸಂಜೆ ಯಾವ ಬಸ್ಸು, ಒಳಗೆ ಹೆಣ್ಣುಮಕ್ಕಳಿಗೆ ಟಾಯ್ಲೆಟ್ ಎಲ್ಲಿದೆ. ಪತ್ರ ಕೊಡುವಾಗಲೇ ಇದನ್ನೆಲ್ಲ ಕೇಳಿಬಿಡಬೇಕು, ನಾಚಿಕೆ ಪಡುವಂಥದ್ದು ಏನಿಲ್ಲ. ನನ್ನ ಗೆಳತಿ ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲು ಕಡೆ ಹೋಗುವ ಮೊದಲು ಇಷ್ಟನ್ನೂ ಕೇಳಿಕೊಂಡೇ ಹೋದಳು, ಆಮೇಲೆ ಮನೆಯವರೂ ಬೇಡ ಅನ್ನಲಿಲ್ಲ.

ನಾನು ಬೇರೆ ದಾರಿ ಹಿಡಿದೆ. ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸೇರಿ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಸಮ್ಮರ್ ರಿಸರ್ಚ್ ಫೆಲೋಶಿಪ್ ಕೊಡುತ್ತವೆ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಹತ್ತಿರ ಕೆಲಸ. ಎಂಜಿನಿಯರಿಂಗ್‌ನವರೂ ಹಾಕಬಹುದು. ತಿಂಗಳಿಗೆ ಇಷ್ಟು ಅಂತ ದುಡ್ಡೂ ಕೊಡುತ್ತಾರೆ, ರೈಲು ಖರ್ಚೂ ಕೊಡುತ್ತಾರೆ. ಆದರೆ ಅರ್ಜಿ ಹಿಂದಿನ ವರ್ಷ ನವೆಂಬರ್ ಹೊತ್ತಿಗೇ ಮುಗಿದಿರುತ್ತದೆ. ನಮ್ಮ ಕಡೆ ಅದು ಗೊತ್ತಾಗುವುದು ಫೆಬ್ರವರಿಯಲ್ಲಿ! ಯಾರೂ ಹೇಳಲ್ಲ, ನೋಟಿಸ್ ಬೋರ್ಡಿನಲ್ಲೂ ಹಾಕಲ್ಲ. ನಾಲ್ಕನೇ ಸೆಮಿಸ್ಟರ್‌ನಲ್ಲಿರುವ ಜೂನಿಯರ್‌ಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ಈಗಲೇ ಬರೆದಿಟ್ಟುಕೊಳ್ಳಿ. ಒಂದು ಸಣ್ಣ ಬರಹ ಮತ್ತು ಒಬ್ಬ ಲೆಕ್ಚರರ್ ಶಿಫಾರಸು ಬೇಕು. ನಿಮ್ಮ ಹೆಸರು, ಮುಖ ಎರಡೂ ನೆನಪಿರುವ ಮೇಡಂ ಹತ್ತಿರ ಬರೆಸಿ, ಎಚ್‌ಒಡಿಯೇ ಆಗಬೇಕು ಅಂತೇನಿಲ್ಲ.

ಬಳ್ಳಾರಿ_ಕೋಡ್

ಎಲ್ಲರೂ "ಕಟ್ಟಬೇಡ" ಅಂತೀರಿ. ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಇಂಟರ್ನ್‌ಶಿಪ್‌ಗೆ ವಿಟಿಯು ಅಂಕ ಇಟ್ಟಿದೆ. ಸರ್ಟಿಫಿಕೇಟ್ ಇಲ್ಲದೆ ಅಂಕ ಇಲ್ಲ. ಎಲ್ಲೂ ಸಿಗದ ಹುಡುಗ ಕೊನೆಗೆ ಏನು ಮಾಡಬೇಕು? ದುಡ್ಡು ಕಟ್ಟಿದವರನ್ನು ಬೈಯುವುದು ನನಗೆ ಸರಿ ಅನಿಸಲ್ಲ. ಬೆಂಗಳೂರಿನ ಹುಡುಗ ಬೆಳಿಗ್ಗೆ ಮೆಟ್ರೋ ಹತ್ತಿ ಇಂಟರ್ನ್‌ಶಿಪ್‌ಗೆ ಹೋಗಿ ರಾತ್ರಿ ಮನೆ ಊಟ ಮಾಡುತ್ತಾನೆ. ನಾವು ಅದೇ ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೆ ಹೋದರೆ ಪಿಜಿ ಬಾಡಿಗೆ, ಅಡ್ವಾನ್ಸ್, ಊಟ ಎಲ್ಲ ಸೇರಿ 6 ಸಾವಿರಕ್ಕಿಂತ ಎಷ್ಟೋ ಜಾಸ್ತಿ ಆಗುತ್ತದೆ.

ಆದರೂ ನಾನು ಕಟ್ಟಲಿಲ್ಲ. ನಾನು ಕಂಪ್ಯೂಟರ್ ಸೈನ್ಸ್. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ಗಳು ಮನೆ ಮನೆಯಲ್ಲಿವೆ ಅಂದರೂ ತಪ್ಪಿಲ್ಲ. ಒಬ್ಬರು ಕಟಿಂಗ್‌ಗೆ ಎಷ್ಟು ಹೋಯಿತು, ಹೊಲಿಗೆಯಿಂದ ಎಷ್ಟು ಬಂತು, ವಾಷಿಂಗ್‌ನಲ್ಲಿ ಎಷ್ಟು ಉಳಿಯಿತು ಅಂತ ಮೂರು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದರು. ಮೂರೂ ತಾಳೆ ಆಗುತ್ತಿರಲಿಲ್ಲ. ಅವರಿಗೆ ಮೊಬೈಲ್‌ನಲ್ಲೇ ನಡೆಯುವ ಒಂದು ಸ್ಟಾಕ್ ಆ್ಯಪ್ ಮಾಡಿಕೊಟ್ಟೆ. ಲಾಟ್ ನಂಬರ್, ಸೈಜ್, ಪೀಸ್, ಅಷ್ಟೇ. ಅವರ ಜಿಎಸ್‌ಟಿ ನಂಬರ್ ಇರುವ ಲೆಟರ್‌ಹೆಡ್‌ನಲ್ಲೇ ಸರ್ಟಿಫಿಕೇಟ್ ಕೊಟ್ಟರು, ಕಾಲೇಜು ಒಪ್ಪಿತು. ಆಮೇಲೆ ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ ಅರ್ಧ ಹೊತ್ತು ಅದರ ಬಗ್ಗೆಯೇ ಕೇಳಿದರು. ವಾಷಿಂಗ್‌ನಲ್ಲಿ ಪೀಸ್ ಹಾಳಾದರೆ ಎಂಟ್ರಿ ಹೇಗೆ ಮಾಡುತ್ತೀಯ ಅಂತ.

ಕೊಪ್ಪಳ_ಲೆಕ್ಚರರ್

ನಾನು ನಮ್ಮ ಕಾಲೇಜಿನಲ್ಲಿ ಇಂಟರ್ನ್‌ಶಿಪ್ ನೋಡಿಕೊಳ್ಳುತ್ತೇನೆ. ಬಳ್ಳಾರಿ_ಕೋಡ್ ಅವರ ಸಿಟ್ಟು ಅರ್ಥ ಆಗುತ್ತದೆ. ನಮ್ಮ ಕಡೆಯ ಕಾಲೇಜುಗಳು ಪತ್ರ ಕೊಟ್ಟು ಕೈತೊಳೆದುಕೊಳ್ಳಬಾರದು. ಫೋನ್ ಎತ್ತಿ ಮಾತಾಡಬೇಕು, ಅದು ನಮ್ಮ ಕೆಲಸ.

ಪಿಎಂ ಇಂಟರ್ನ್‌ಶಿಪ್ ಯೋಜನೆ ಬಗ್ಗೆ: 2024ರ ಅಕ್ಟೋಬರ್‌ನಲ್ಲಿ ಶುರುವಾದಾಗ ಇಟ್ಟ ನಿಯಮದ ಪ್ರಕಾರ 21ರಿಂದ 24 ವರ್ಷದವರಿಗೆ, 12 ತಿಂಗಳು, ತಿಂಗಳಿಗೆ 5,000 ರೂಪಾಯಿ. ಆದರೆ ಆ ನಿಯಮದಲ್ಲಿ ಫುಲ್‌ಟೈಮ್ ಓದುತ್ತಿರುವವರಿಗೆ ಅದು ಇರಲಿಲ್ಲ. ಈಗಿನ ನಿಯಮ ಏನಿದೆ ಅಂತ ಒಮ್ಮೆ ನೋಡಿಕೊ, ಅದೊಂದರ ಹಿಂದೆಯೇ ಬಿದ್ದು ಸುಮ್ನೆ ಟೈಮ್ ಹಾಳು ಮಾಡಬೇಡ.

ಶುಲ್ಕದ ಬಗ್ಗೆಯೂ ಒಂದು ಮಾತು. ಕೆಲವು ಸರ್ಕಾರಿ ಉದ್ದಿಮೆಗಳು ಪ್ರಾಜೆಕ್ಟ್ ಟ್ರೈನಿಂಗ್‌ಗೆ ಸ್ವಲ್ಪ ಫೀಸ್ ತಗೊಳ್ಳುತ್ತವೆ. ಅದಕ್ಕೆ ರಸೀದಿ ಇರುತ್ತದೆ, ಒಳಗೆ ಹೋಗಿ ಮಷಿನ್ ನೋಡುತ್ತೀಯ. ವಿಡಿಯೋ ಕಳಿಸುವವರನ್ನೂ ಇವರನ್ನೂ ಒಂದೇ ಅಂತ ತಿಳಿಯಬೇಡ.

ದೊಡ್ಡ ತೊಂದರೆ ತಾರೀಖಿನದು. ಹೊರಗಿನ ಕಂಪನಿಗಳು ಮೇ, ಜೂನ್ ಅಂತವೆ. ನಮ್ಮ ಪರೀಕ್ಷೆ ಎಷ್ಟೋ ಸಲ ಜೂನ್-ಜುಲೈಗೆ ಬೀಳುತ್ತದೆ. ಎಷ್ಟೋ ಹುಡುಗರು ಇಲ್ಲೇ ಅವಕಾಶ ಕಳೆದುಕೊಳ್ಳುತ್ತಾರೆ. ಹತ್ತಿರದ ಕಾರ್ಖಾನೆಯಾದರೆ ತಾರೀಖು ಆಚೀಚೆ ಮಾಡಿಸಿಕೊಳ್ಳಬಹುದು.

ಪತ್ರದ ವಿಷಯದಲ್ಲಿ ಶಿಫ್ಟ್_ಬಿ ಹೇಳಿದ್ದು ನೂರಕ್ಕೆ ನೂರು ಸರಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತು, ನೀರು ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್ (ನೀರು ತಡೆಯುವ ಉಕ್ಕಿನ ತುಂಡುಗಳು) ಇಳಿಸಿ ನಿಲ್ಲಿಸಿದರು, ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ನಮ್ಮ ಮೆಕ್ಯಾನಿಕಲ್ ಹುಡುಗನೊಬ್ಬ ತನ್ನ ಅರ್ಜಿಯಲ್ಲಿ ಚೈನ್ ಮೇಲೆ ಎಷ್ಟು ಭಾರ ಬರುತ್ತದೆ, ತುಕ್ಕು ಹಿಡಿದ ಲಿಂಕ್ ಅನ್ನು ಮೊದಲೇ ಹೇಗೆ ಪತ್ತೆ ಮಾಡಬಹುದು ಅಂತ ಅರ್ಧ ಪುಟ ಬರೆದ. ಕ್ರೇನ್, ಹಾಯ್ಸ್ಟ್ ಇರುವ ಒಂದು ಕಾರ್ಖಾನೆಗೆ ಅದನ್ನು ಕಳಿಸಿದೆವು. ಕರೆದರು.

ಮಸ್ಕಿ_ಇಇಇ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದುಡ್ಡು ಕಟ್ಟಲ್ಲ ಅಂತ ಅಪ್ಪನಿಗೆ ಹೇಳಿದೆ. ಪತ್ರ ಹೀಗೆ ಬರೆದಿದ್ದೇನೆ, ಶಿಫ್ಟ್ ಅಣ್ಣ ನೋಡಿ ಹೇಳಿ:

"ಇಂಡಕ್ಷನ್ ಮೋಟಾರ್ ನನ್ನ ಇಷ್ಟದ ವಿಷಯ. ಲ್ಯಾಬ್‌ನಲ್ಲಿ ನೋ ಲೋಡ್, ಬ್ಲಾಕ್ಡ್ ರೋಟರ್ ಟೆಸ್ಟ್ ಮಾಡಿದ್ದೇನೆ. ನಮ್ಮ ಹೊಲದ ಬೋರ್‌ವೆಲ್ ಮೋಟಾರ್ ವೋಲ್ಟೇಜ್ ಕಡಿಮೆಯಾದಾಗ ಸುಟ್ಟುಹೋಗುತ್ತಿತ್ತು, ರಿವೈಂಡಿಂಗ್ ಅಂಗಡಿಯಲ್ಲಿ ಕೂತು ನೋಡಿದ್ದೇನೆ. ದೊಡ್ಡ ಮೋಟಾರ್‌ಗಳನ್ನು ಹಾಗೆ ಸುಡದಂತೆ ರಿಲೇಗಳು ಹೇಗೆ ಕಾಪಾಡುತ್ತವೆ ಅಂತ ಕಲಿಯಬೇಕು. ಎಲೆಕ್ಟ್ರಿಕಲ್ ಮೇಂಟೆನೆನ್ಸ್ ವಿಭಾಗದಲ್ಲಿ ನಾಲ್ಕು ವಾರ ಅವಕಾಶ ಕೊಡಬೇಕೆಂದು ಕೇಳುತ್ತೇನೆ."

ಶಿಫ್ಟ್_ಬಿ

ಚೆನ್ನಾಗಿದೆ. ಬೋರ್‌ವೆಲ್ ಮಾತು ಹಾಗೇ ಇರಲಿ, ತೆಗೆಯಬೇಡ. ಎರಡು ಸೇರಿಸು. ತಾರೀಖು ಒಂದೇ ಕೊಡಬೇಡ, ಪರೀಕ್ಷೆಗೆ ಮೊದಲು ಒಂದು, ಆಮೇಲೆ ಒಂದು, ಎರಡು ಕೊಡು. ಕೆಳಗೆ ನಿಮ್ಮ ಕಾಲೇಜಿನ ಇಂಟರ್ನ್‌ಶಿಪ್ ನೋಡಿಕೊಳ್ಳುವವರ ಫೋನ್ ನಂಬರ್ ಹಾಕಿಸು. ಗೇಟ್‌ನಲ್ಲಿ ಆಧಾರ್, ಕಾಲೇಜ್ ಐಡಿ, ಎರಡು ಫೋಟೋ ಕೇಳುತ್ತಾರೆ, ಝೆರಾಕ್ಸ್ ಇಟ್ಟುಕೊಂಡೇ ಬಾ. ಸೇಫ್ಟಿ ಶೂ ಹೊಸದು ಕೊಳ್ಳುವ ಮೊದಲು ಸೀನಿಯರ್ ಹತ್ತಿರ ಕೇಳು, ಅಳತೆ ಸರಿಯಾದರೆ ಅದೇ ಸಾಕು. ಸೋಮವಾರ ಬೆಳಿಗ್ಗೆ ಬರಬೇಡ, ಮೀಟಿಂಗ್ ಜಾಸ್ತಿ ಇರುತ್ತದೆ. ಮಂಗಳವಾರ ಹನ್ನೊಂದರ ಮೇಲೆ ಬಾ.