ಸಹಾಯ ಬೇಕು: ಹಳೆಯ ನೋಟದ ಬೇಸ್ ಗಿಟಾರ್‌ನಲ್ಲಿ ಹೊಸ ಗೆರೆ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಮದುವೆ, ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸುತ್ತೇನೆ. ನನ್ನದು ಕಾರ್ಖಾನೆಯಲ್ಲೇ ಹಳೆಯದಾಗಿ ಕಾಣುವಂತೆ ಸವೆಸಿದ, ಫೆಂಡರ್ ಕಂಪನಿಯ ಹೆಸರಾಂತ ಪ್ರಿಸಿಷನ್ ಬೇಸ್‌ನ ಮಾದರಿಯ ಗಿಟಾರ್. ಮರದ ಮೇಲೆ ತೆಳುವಾದ ನೈಟ್ರೊಸೆಲ್ಯುಲೋಸ್ ಲ್ಯಾಕರ್ (ಹೊಳಪಿನ ಲೇಪ), ಮುಂಗೈ ಒರಗುವ ಕಡೆ ಬಣ್ಣ ಹೋಗಿ ಮರ ಕಾಣುತ್ತದೆ, ಸ್ಕ್ರೂಗಳಿಗೆ ಮಾಸಲು ಬಣ್ಣ. ನೆಕ್‌ನ (ಬೆರಳಿಟ್ಟು ತಂತಿ ಒತ್ತುವ ಉದ್ದನೆಯ ಭಾಗದ) ಹಿಂಭಾಗದಲ್ಲಿ ಹೊಸ ವಾದ್ಯದ ಅಂಟಂಟು ಇಲ್ಲವೇ ಇಲ್ಲ. ಕೈಗೆ ಪಳಗಿದ ಆ ಭಾವಕ್ಕಾಗಿಯೇ ಕೊಂಡದ್ದು.

ಈ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದ ಬಿಸಿಲು, ಕಲ್ಯಾಣ ಮಂಟಪದೊಳಗೆ ಎ.ಸಿ. ಈಗ ನೆಕ್ ಬಾಡಿಗೆ ಸೇರುವ ಜಾಗದಲ್ಲಿ, ಬಾಡಿಯ ಮೇಲೆ ಕೂದಲೆಳೆಯಂಥ ಗೆರೆ ಕಂಡಿದೆ. ಕೊಂಡಾಗ ತೆಗೆದ ಫೋಟೊದಲ್ಲಿ ಅದು ಇಲ್ಲ. ಶಾಖ ಏರಿಳಿದಾಗ ನೈಟ್ರೊ ಲ್ಯಾಕರ್ ಬಿರಿಯುವುದು ಸಹಜ. ಆದರೆ ಅಂಥ ಬಿರುಕುಗಳು ಹೆಚ್ಚಾಗಿ ಮರದ ಎಳೆಗೆ ಅಡ್ಡವಾಗಿ ಹೋಗುತ್ತವೆ; ಇದು ಎಳೆಯ ಗುಂಟವೇ ಸಾಗಿದೆ. ಗಾಬರಿ ಅದಕ್ಕೇ.

ತಂತಿ ಸಡಿಲಿಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ. ಉಗುರು ಎಳೆದರೆ ಸ್ವಲ್ಪ ತಡೆಯುತ್ತದೆ. ಶ್ರುತಿ ನಿಲ್ಲುತ್ತಿದೆ, ತಂತಿಯ ಎತ್ತರವೂ ಬದಲಾಗಿಲ್ಲ. ವಾದ್ಯದ ಅಂಗಡಿಯವರೊಬ್ಬರು "ಪಾಲಿಶ್ ಹಾಕಿ ಮುಚ್ಚಿಬಿಡೋಣ" ಎಂದರು; ನಾನು ಒಪ್ಪಲಿಲ್ಲ. ಮುಚ್ಚಿದರೆ ಮರ ಸೀಳಿದ್ದರೂ ಕಾಣುವುದಿಲ್ಲ, ಹಳೆಯ ನೋಟವೂ ಹೋಗುತ್ತದೆ.

ಇದು ಲ್ಯಾಕರ್‌ನ ಬಿರುಕೋ, ಮರದ ಬಿರುಕೋ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ನೆಕ್ ಬಿಚ್ಚಿ ಒಳಗಿನಿಂದ ನೋಡಿದರೆ ತಿಳಿಯುತ್ತದೆಯೇ? ಅಲ್ಲಿಯವರೆಗೆ ನುಡಿಸಬಹುದೇ, ಅಥವಾ ತಂತಿ ಸಡಿಲಿಸಿಯೇ ಇಡಬೇಕೇ?